ವಿಶ್ವಕಪ್ಪೂ ಅತ್ತೆಯ ತೊಡದೇವೂ

ಗೆಳೆಯರೇ, ಇವತ್ತು ಹುಲೇಕಲ್ಲಿನ ಸೋದರತ್ತೆಯ ಮನೆಯಲ್ಲಿ ಪೂಜೆಯ ಊಟ. ಮೊದಲ ಪಂಕ್ತಿಯಲ್ಲಿ ಕುಳಿತ ಅವಳ ಯಲ್ಲಾಪುರದ ಅಳಿಯ, ಫುಟ್ಬಾಲ್ ವಿಶ್ವಕಪ್ಪಿನ ಅರ್ಹತಾ ಪಂದ್ಯಗಳಲ್ಲೇ ಭಾರತ ಸೋತು ಹೊರಬಿದ್ದದ್ದಕ್ಕೆ ಮರುಗುತ್ತಿದ್ದ. ಕಬ್ಬಿನ ಹಾಲಿನ, ಕಾಗದದಷ್ಟು ತೆಳ್ಳಗಿನ ಸಿಹಿ ತೊಡದೇವು ಬಡಿಸುತ್ತಿದ್ದ ಅತ್ತೆ, ಜೊತೆಗೆ ಬಡಿಸುತ್ತಿದ್ದ ನನ್ನ ಕಡೆ ತಿರುಗಿದಳು.

"ಎಲ್ಲಾ ದೇಶದವೂ ಹಿಂಗೆ ಆಡಿ ಗೆದ್ದೇ ಬರಕನೇ ತಂಗೀ?"

"ವಿಶ್ವಕಪ್ ನಡ್ಸ ದೇಶಕ್ಕೆ ಬೇಡ ಅತ್ತೆ. ಅದಕ್ಕೆ ಆಡ್ದೇ ಜಾಗ ಇದ್ದು."

"ಎಂತದೇ ಮಾರಾಯ್ತಿ! ಮನೆಯವ್ಕೇ ಮೊದಲ ಎಲೆಯಾ? ನಾಚ್ಕೆ ಇಲ್ಯಾ ಅವ್ಕೆ?"

ಇಡೀ ಪಂಕ್ತಿ ನಕ್ಕಿತು. "ಹಂಗಾರೆ ನಮ್ಮ ದೇಶವೇ ನಡ್ಸಲಿ ಅತ್ತೆ, ಸುಲಭ ಆತು" ಎಂದ ಅಳಿಯ.

"ನಡ್ಸಿರೂ ನಂಗ ಮನೆಯವು ಕಡೇ ಪಂಕ್ತಿಗೇ ಕೂರ್ತ್ಯ" ಎಂದಳು ಅತ್ತೆ. ಅವನ ಎಲೆಗೆ ಇನ್ನೊಂದು ತೊಡದೇವು ಬಿತ್ತು.

ಎಲ್ಲರ ಊಟವಾದ ಮೇಲೆ, ಬಡಿಸಿದ ಹೆಂಗಸರೆಲ್ಲ ಅತ್ತೆಯ ಜೊತೆ ಕುಳಿತೆವು. ನಿನ್ನೆಯಿಡೀ ಒಲೆಯ ಮುಂದೆ ಕುಳಿತು ಅವಳು ಮಾಡಿದ್ದ ತೊಡದೇವಿನಲ್ಲಿ ಡಬ್ಬಿಯ ತಳದ ಒಂದು ಚೂರು ಮಾತ್ರ ಉಳಿದಿತ್ತು. ಅದನ್ನೂ ನನ್ನ ಎಲೆಗೇ ಹಾಕಿದಳು. ಬೇಡವೆಂದರೆ, "ಅಡ್ಡಿಲ್ಲೆ, ಬಂದವ್ಕೆ ಸಿಕ್ಕಿದ್ರೆ ಸಾಕು" ಎಂದಳು.

ಆಮೇಲೆ ಮಜ್ಜಿಗೆ ಅನ್ನ ಕಲಸುತ್ತ ಮೆಲ್ಲಗೆ ಕೇಳಿದಳು: "ಈ ಸಲ ಹದ ಸಮಾ ಬಂದಿತ್ತನೇ?"

ಚೂರು ಆಗಲೇ ನನ್ನ ಬಾಯಲ್ಲಿತ್ತು. "ಬಂದಿತ್ತು ಅತ್ತೆ" ಎಂದೆ.

ಭಾರತಕ್ಕಾಗಿ ಅಷ್ಟು ಹೊತ್ತು ಮರುಗಿದ ನಮ್ಮಲ್ಲಿ ಒಬ್ಬರಿಗೂ ಅವಳಿಗೊಂದು ತೊಡದೇವು ತೆಗೆದಿಡಲು ನೆನಪಾಗಲಿಲ್ಲ. ಫುಟ್ಬಾಲಿನವರು ಮನೆಯವರಿಗೊಂದು ಜಾಗ ತೆಗೆದಿಡುವುದನ್ನು ನಿಯಮ ಮಾಡಿಯೇ ಇಟ್ಟುಕೊಂಡಿದ್ದಾರೆ. ನಾಚಿಕೆ ಯಾರಿಗಿಲ್ಲವೋ, ನೀವೇ ಹೇಳಿ.