ಮನೀಶ್ ನಗರದಲ್ಲಿ ಮೊಂಬ್ರಿಯಾಕ್

ನಾಗಪುರಕ್ಕೆ ಬಂದ ಹನ್ನೊಂದನೆಯ ದಿನ, ಮನೀಶ್ ನಗರ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಒಬ್ಬ ಫ್ರೆಂಚ್ ಹೆಂಗಸು ನನ್ನನ್ನು “ಜೇವಣ್ ಝಾಲಂ ಕಾ?” ಎಂದು ಮರಾಠಿಯಲ್ಲಿ ಕೇಳಿದಳು. ಊಟವಾಯಿತೇ ಎಂದು ಅದರ ಅರ್ಥ. ನನಗೆ ಅದು ತಿಳಿದದ್ದು ಸಂಜೆ ಗಂಡ ಮನೆಗೆ ಬಂದ ಮೇಲೆ. ಆಗ ನನಗೆ ಬರುತ್ತಿದ್ದ ಮರಾಠಿ ಪದ ಒಂದೇ, ‘ಹೋ’, ಅಂದರೆ ಹೌದು. ಅದನ್ನೇ ಹೇಳಿ, ಯಾರದೋ ಮಹಡಿಯಲ್ಲಿ ಇಳಿದು, ಉಳಿದದ್ದನ್ನು ಮೆಟ್ಟಿಲು ಹತ್ತಿದೆ. ಏಳು ಸಮುದ್ರದಾಚೆಯವಳಿಗೆ ಈ ಊರು ಒಗ್ಗಿತ್ತು. ರೈಲಿನಲ್ಲಿ ಒಂದು ನಿದ್ದೆ ಮುಗಿಸಿ ಬಂದ ನನಗೆ ಒಗ್ಗಿರಲಿಲ್ಲ.

ನನ್ನ ಗಂಡ ರೈಲ್ವೆ ಎಂಜಿನಿಯರ್. ನಾನು ಹರಿಹರದ ಹತ್ತಿರ, ತುಂಗಭದ್ರೆಯ ದಂಡೆಯ ನಮ್ಮೂರ ಹೈಸ್ಕೂಲಿನಲ್ಲಿ ಸಮಾಜವಿಜ್ಞಾನದ ಟೀಚರ್. ಅವರಿಗೆ ವರ್ಗವಾದಾಗ ಒಂದು ವರ್ಷ ಸಂಬಳವಿಲ್ಲದ ರಜೆ ಹಾಕಿ ಬಂದಿದ್ದೆ. ದೀಪಾವಳಿವರೆಗೆ ನೋಡುತ್ತೇನೆ, ಆಗದಿದ್ದರೆ ನನ್ನ ಶಾಲೆಗೆ ನಾನು ಹೊರಟೆ ಎಂದು ಮೊದಲೇ ಹೇಳಿದ್ದೆ. ಅವರು ಒಪ್ಪಿದ್ದರು, ಒಪ್ಪದೆ ಇರಲು ಅವರಿಗೆ ಧೈರ್ಯವಿರಲಿಲ್ಲ.

ದಿನಗಳು ಭಾರವಾಗಿದ್ದವು. ನಮ್ಮ ಕಡೆ ಅವಲಕ್ಕಿ ಒಂದು ಸಾಧು ತಿಂಡಿ. ಇಲ್ಲಿ ಅದರ ಮೇಲೆ ತರ್ರಿ ಎಂಬ ಕೆಂಡದಂಥ ಸಾರು ಸುರಿದು, ತಿನ್ನುವವರ ಮುಖ ನೋಡುತ್ತಾರೆ. ನಮ್ಮಲ್ಲಿ ಸಂಜೆಯಾದರೆ ಹೊಳೆಯ ಕಡೆ ಹೋಗುತ್ತೇವೆ. ಇಲ್ಲಿ ಊರಿಗೇ ಹೆಸರು ಕೊಟ್ಟ ನಾಗ ನದಿಯನ್ನು ನೋಡಬೇಕೆಂದು ಹೋದರೆ, ಆಟೋದವನು ಮೂಗು ಮುಚ್ಚಿಕೊಂಡು ಸೇತುವೆ ದಾಟಿಸಿದ. ಇಡೀ ದಿನ ಮಾತಾಡದೆ ಇದ್ದು ಸಂಜೆ ಬಾಯಿ ತೆರೆದರೆ, ನನ್ನ ದನಿ ನನಗೇ ನೆಂಟರ ದನಿಯಂತೆ ಕೇಳುತ್ತಿತ್ತು.

ಫ್ರೆಂಚ್ ಹೆಂಗಸಿನ ಹೆಸರು ಸೊಲಾಂಜ್. ಅರವತ್ತು ದಾಟಿದವಳು. ಗಂಡ ಇಲ್ಲಿನ ವಿಮಾನ ನಿಲ್ದಾಣದ ಪಕ್ಕದ ಮಿಹಾನ್ ಕೈಗಾರಿಕಾ ವಲಯದಲ್ಲಿ ವಿಮಾನ ದುರಸ್ತಿಯ ಎಂಜಿನಿಯರ್. ಎರಡು ವರ್ಷದಲ್ಲಿ ಅಡುಗೆ ಕೆಲಸದ ಹೆಂಗಸಿನಿಂದ ಮರಾಠಿ ಕಲಿತಿದ್ದಳು. ಒಂದು ಮಧ್ಯಾಹ್ನ ಅವಳೇ ಬಂದು ಬಾಗಿಲು ತಟ್ಟಿದಳು. ನನ್ನ ಶಾಲೆಯ ಹಿಂದಿ, ಅವಳ ಅಡುಗೆಮನೆಯ ಮರಾಠಿ, ಇಬ್ಬರ ಮುರುಕು ಇಂಗ್ಲಿಷು ಸೇರಿ ಮಾತು ನಡೆಯಿತು. ನಿಮ್ಮೂರ ನದಿ ಯಾವುದು ಎಂದು ನಾನು ಕೇಳಿದೆ. “ಲೊಟ್” ಎಂದಳು. ನಾನು ಒಳಗೆ ಹೋಗಿ ಲೋಟದಲ್ಲಿ ನೀರು ತಂದೆ. ಅವಳು ಕುಡಿದು ಮತ್ತೆ “ಲೊಟ್” ಎಂದಳು. ಇನ್ನೊಂದು ಲೋಟ ತಂದೆ. ಮೂರನೆಯದಕ್ಕೆ ಅವಳು ನನ್ನ ಕೈ ಹಿಡಿದು ಕೂರಿಸಿ, ಹಳೆಯ ಕ್ಯಾಲೆಂಡರಿನ ಬೆನ್ನಿನ ಮೇಲೆ ಒಂದು ಅಂಕುಡೊಂಕು ಗೆರೆ ಎಳೆದಳು. ಲೊಟ್ ಎಂಬುದೇ ನದಿಯ ಹೆಸರು.

ನಕಾಶೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಅವಳು ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. ಅವಳ ಹಳ್ಳಿ ಮೊಂಬ್ರಿಯಾಕ್. ನಮ್ಮಲ್ಲಿ ಹಳ್ಳಿ, ಇಲ್ಲಿ ವಾಡಿ ಎನ್ನುವಂತೆ ಅವರ ಸೀಮೆಯಲ್ಲಿ ಊರ ಹೆಸರಿನ ಕೊನೆಗೆ ‘ಆಕ್’ ಬರುತ್ತದಂತೆ. ರೋಮನ್ನರ ಕಾಲದ ಯಾವನೋ ಜಮೀನುದಾರನ ಗುರುತು. ಜನ ನಮ್ಮ ಅಪಾರ್ಟ್‌ಮೆಂಟಿನ ಎರಡು ಬ್ಲಾಕಿನಷ್ಟು. ನದಿ ಕುದುರೆಲಾಳದ ಹಾಗೆ ಊರನ್ನು ಮೂರು ಕಡೆ ಸುತ್ತುತ್ತದೆ, ನಾಲ್ಕನೆಯ ಕಡೆ ಸುಣ್ಣಕಲ್ಲಿನ ಬಿಳಿ ಬಂಡೆ. ಇಂಗ್ಲಿಷರೂ ಫ್ರೆಂಚರೂ ತಲೆಮಾರುಗಟ್ಟಲೆ ಕಾದಾಡಿದಾಗ ಆ ಬಂಡೆಯ ಗವಿಗಳಲ್ಲಿ ಜನ ಅಡಗಿದ್ದರಂತೆ. ಆಮೇಲಿನ ಒಳ್ಳೆಯ ಕಾಲದಲ್ಲಿ ದ್ರಾಕ್ಷಾರಸದ ಪೀಪಾಯಿ ಹೊತ್ತ ದೋಣಿಗಳು ಬೋರ್ಡೊ ಎಂಬ ಬಂದರಿಗೆ ತೇಲಿ ಹೋಗುತ್ತಿದ್ದವು. ಅವಳ ಮುತ್ತಜ್ಜನೂ ದೋಣಿಯವನೇ. ಮುಂದೆ ಯಾವುದೋ ಹುಳು ದ್ರಾಕ್ಷಿಯ ಬೇರು ತಿಂದಿತು. ರೈಲು ಬಂದು ದೋಣಿಗಳನ್ನು ತಿಂದಿತು.

ಅಷ್ಟರಲ್ಲಿ ಗಂಡ ಬಂದರು. ಅವರು ರೈಲ್ವೆಯವರು ಎಂದು ತಿಳಿದ ಸೊಲಾಂಜ್ ಗಂಭೀರವಾಗಿ, “ಆಮಚೀ ನಾವ್ ರೇಲ್ವೇನೆ ಬುಡವಲೀ” ಎಂದಳು. ನಮ್ಮ ದೋಣಿಯನ್ನು ಮುಳುಗಿಸಿದ್ದು ರೈಲ್ವೆ. ಅವರು ಶೂ ಬಿಚ್ಚುತ್ತಿದ್ದವರು ಎದ್ದು ನಿಂತು, ಇಲಾಖೆಯ ಪರವಾಗಿ ಕ್ಷಮೆ ಕೇಳಿದರು.

ಗಣೇಶ ಹಬ್ಬದ ಮುಂಚೆ ಸೊಸೈಟಿಯ ಕಾರ್ಯದರ್ಶಿ ವಾನಖೇಡೆಯವರು ನನ್ನನ್ನು ಗೇಟಿನ ಬಳಿ ನಿಲ್ಲಿಸಿ ಮರಾಠಿಯಲ್ಲಿ ಬಹಳ ಹೊತ್ತು ಏನೋ ಕೇಳಿದರು. ನಾನು ಪ್ರತಿಯೊಂದಕ್ಕೂ ಹೋ ಎಂದೆ. ಮರುದಿನ ನೋಟಿಸ್ ಬೋರ್ಡಿನಲ್ಲಿ ನನ್ನ ಹೆಸರಿತ್ತು. ಗಂಡ ಓದಿ ಹೇಳಿದರು: ಫ್ರಾನ್ಸಿನ ಹಳ್ಳಿಯೊಂದರ ಭೂಗೋಳ ಮತ್ತು ಇತಿಹಾಸ, ಭಾಷಣ ನನ್ನದು. ಸೊಲಾಂಜ್‌ಗೆ ಸಭೆ ಕಂಡರೆ ನಾಲಿಗೆ ಒಣಗುತ್ತಿತ್ತು. ನಾನು ಮಾತಾಡಿದರೆ ಪಕ್ಕದಲ್ಲಿ ಕೂರುವುದಾಗಿ ಅವಳೇ ಒಪ್ಪಿಕೊಂಡಿದ್ದಳಂತೆ.

“ಆಗಲ್ಲ ಅಂತ ಹೇಳಿಬರ್ರಿ” ಎಂದೆ.

“ನೀನೇ ಎಲ್ಲದಕ್ಕೂ ಹೋ ಅಂದೀಯಲ್ಲ. ಈಗ ಹೋಗು” ಎಂದರು.

ಸಭೆಯಲ್ಲಿ ಮರ್ಯಾದೆ ಹೋದರೆ ದೀಪಾವಳಿಗೂ ಕಾಯುವುದಿಲ್ಲ, ಮರುದಿನವೇ ರೈಲು ಹತ್ತುವುದು ಎಂದು ನಿರ್ಧರಿಸಿ, ಸೂಟ್‌ಕೇಸನ್ನು ಮಂಚದ ಕೆಳಗಿನಿಂದ ಎಳೆದಿಟ್ಟು ಹೋದೆ. ಹಾಲ್ ತುಂಬಿತ್ತು. ಬೋರ್ಡಿನ ಮೇಲೆ ನದಿಯ ತಿರುವು ಬರೆದು ಶುರುಮಾಡಿದೆ. ಹಿಂದಿಯಲ್ಲಿ ಬಂಡೆ, ಗವಿ, ದೋಣಿ ಎಲ್ಲ ಸಾಗಿದವು. ಊರ ಚೌಕದ ಸಂತೆಗೆ ಬಂದಾಗ ವಾನಖೇಡೆಯವರು ಕೇಳಿದರು: “ಗಾವಾತ್ ಪೂರ್ ಯೇತೋ ಕಾ?”

ಪೂರಾ ಊರು ಬರುತ್ತದೆಯೇ ಎಂದು ಕೇಳುತ್ತಿದ್ದಾರೆ ಅಂದುಕೊಂಡೆ. ಪ್ರತಿ ಭಾನುವಾರ ತಪ್ಪದೆ ಬರುತ್ತದೆ, ಜನ ವಾರವಿಡೀ ಕಾಯುತ್ತಾರೆ, ಮಕ್ಕಳಿಗೆ ಹೊಸ ಬಟ್ಟೆ ತೊಡಿಸುತ್ತಾರೆ ಎಂದೆ. ಸಭೆ ಗಾಬರಿಯಾಯಿತು. ಸೊಲಾಂಜ್ ನನ್ನ ಸೆರಗು ಜಗ್ಗಿ, ಅಂಗೈಯನ್ನು ಮೊಣಕಾಲಿನಿಂದ ಕುತ್ತಿಗೆಯವರೆಗೆ ಮೆಲ್ಲನೆ ಏರಿಸಿ ತೋರಿಸಿದಳು. ಮರಾಠಿಯಲ್ಲಿ ಪೂರ್ ಎಂದರೆ ನೆರೆ.

ಸಭೆಯಲ್ಲಿ ಎದ್ದ ನಗು ನಿಲ್ಲಲೇ ಇಲ್ಲ. ಬಾಗಿಲು ಎಲ್ಲಿದೆ ಎಂದು ನೋಡಿದೆ. ಮೊಂಬ್ರಿಯಾಕ್‌ನ ನೆರೆಯ ಬಗ್ಗೆ ನಾನು ಅವಳನ್ನು ಕೇಳಿಯೇ ಇರಲಿಲ್ಲ. ಆದರೆ ತುಂಗಭದ್ರೆಯ ನೆರೆ ನನಗೆ ಗೊತ್ತಿತ್ತು. ನೀರು ಬರುವ ಮೊದಲು ಇಲಿಗಳು ಬರುತ್ತವೆ ಎಂದೆ. ನಗು ನಿಂತಿತು. ಹಿಟ್ಟಿನ ಡಬ್ಬ, ಕೂಸು, ದೇವರು, ಈ ಕ್ರಮದಲ್ಲಿ ಅಟ್ಟಕ್ಕೆ ಏರಿಸುತ್ತಾರೆ. ನೀರು ಇಳಿದ ಮೇಲೆ ಮನೆಯ ಅಜ್ಜಿ ಗೋಡೆಯ ಮೇಲೆ ನೀರಿನ ಗುರುತಿಗೆ ಕುಂಕುಮ ಹಚ್ಚಿ, ಇಷ್ಟಕ್ಕೆ ಸಾಕು, ನಿನಗೆ ನಾಚಿಕೆಯಿಲ್ಲವೇ ಎಂದು ಹೊಳೆಯನ್ನು ಬೈಯುತ್ತಾಳೆ. ಕುಂಕುಮ ಎಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಸೊಲಾಂಜ್ ಕಣ್ಣೊರೆಸಿಕೊಳ್ಳುತ್ತಿದ್ದಳು. “ಬರೋಬರ್” ಎಂದಳು. “ಮಾಝೀ ಆಜೀ.” ಸರಿಯಾಗಿ ಹೇಳಿದೆ, ನನ್ನ ಅಜ್ಜಿ.

ಫ್ರಾನ್ಸಿನಲ್ಲೂ ಕುಂಕುಮವಿದೆ ಎಂದು ವಾನಖೇಡೆಯವರು ಮೈಕಿನಲ್ಲಿ ಸಂತೋಷಪಟ್ಟರು. ಅದು ನಮ್ಮಜ್ಜಿ ಎಂದು ನಾನು ಆಮೇಲೆ ತಪ್ಪೊಪ್ಪಿಕೊಂಡಾಗ ಸೊಲಾಂಜ್, ತನ್ನಜ್ಜಿ ಗುರುತಿಗೆ ಹಚ್ಚುತ್ತಿದ್ದದ್ದು ಇದ್ದಿಲು, ಬೈಗಳು ಮಾತ್ರ ಇವೇ ಎಂದಳು. ಆ ಒಂದು ಮಾತಿಗೆ ಸೂಟ್‌ಕೇಸು ಮತ್ತೆ ಮಂಚದ ಕೆಳಗೆ ಹೋಯಿತು. ಮರುವಾರದಿಂದ ಬ್ಲಾಕಿನ ಹೆಂಗಸರು ಮಕ್ಕಳನ್ನು ನಕಾಶೆ ಕಲಿಯಲು ಕಳಿಸಿದರು. ಬದಲಿಗೆ ನನಗೆ ಮರಾಠಿ ತಿದ್ದಿದರು. ತರಕಾರಿಯವಳು ಇಂದಿಗೂ ನನ್ನನ್ನು ಫ್ರಾನ್ಸ್‌ನವಳೆಂದೇ ನಂಬಿ, ಈ ಬಣ್ಣ ನಾಗಪುರದ ಬಿಸಿಲಿನದು ಎಂದು ಮರುಗುತ್ತಾಳೆ. ಸೊಲಾಂಜ್ ಚಳಿಗಾಲದಲ್ಲಿ ಗಂಡನೊಂದಿಗೆ ಮೊಂಬ್ರಿಯಾಕ್‌ಗೆ ಮರಳಿದಳು.

ಈ ಬೇಸಿಗೆಯಲ್ಲಿ ತವರಿಗೆ ಹೋಗಿದ್ದೆ. ಹೊಳೆಯ ದಂಡೆಯಲ್ಲಿ ಕೂತಿದ್ದಾಗ ಅಕ್ಕ, ನಾಗಪುರ ಹೆಂಗೈತೆ ಎಂದು ಕೇಳಿದಳು. ಹೇಳಲು ಶುರುಮಾಡಿದೆ. ಬಿಳಿ ಬಂಡೆ, ಮೂರು ಕಡೆ ನೀರು, ಕೆಳಗಿನ ಬೀದಿಯ ಗೋಡೆಗಳ ಮೇಲೆ ನೆರೆಯ ಗೆರೆಗಳು. ಅಕ್ಕ ಸ್ವಲ್ಪ ಹೊತ್ತು ಕೇಳಿ ನನ್ನ ಮುಖ ನೋಡಿದಳು.

“ಇದು ಯಾವ ಊರಿನ ಮಾತೇ?”

ಯೋಚಿಸಿದೆ. ನಾನು ಆ ಊರನ್ನು ಕಂಡಿಲ್ಲ, ಕಾಣುವ ಭರವಸೆಯೂ ಇಲ್ಲ.

“ನಮ್ಮೂರಿಂದೇ” ಎಂದೆ.