ಅಮ್ಮನಿಗೆ ತೋರಿಸಿದ ಸಂತ

ಕಲ್ಲು ಹಿಡಿದ ಮುಷ್ಟಿಯಲ್ಲಿ ಕಿರುಬೆರಳೊಂದು ಮಾತ್ರ ಮಡಚಿಲ್ಲ. ಶಿಕಾಗೋದ ಮ್ಯೂಸಿಯಮ್ಮಿನಲ್ಲಿರುವ ಆ ಇಟಲಿಯ ಚಿತ್ರದಲ್ಲಿ ಮುದಿ ಸಂತನೊಬ್ಬ ಬಂಡೆಯ ಕೆಳಗೆ ಮಂಡಿಯೂರಿ ಎದೆಗೆ ಕಲ್ಲಿನಿಂದ ಹೊಡೆದುಕೊಳ್ಳುತ್ತಾನೆ. ಪಕ್ಕದಲ್ಲೊಂದು ಸಿಂಹ ಮಲಗಿದೆ. ಅದನ್ನು ನಾನು ಕಾಲೇಜಿನಲ್ಲಿ ಪ್ರತಿ ವರ್ಷ ಪಾಠ ಮಾಡುತ್ತೇನೆ.

ಇಂಜಿನಿಯರಿಂಗ್ ಸೀಟು ಬಿಟ್ಟು ಕಲಾ ಇತಿಹಾಸ ಓದಿದ್ದಕ್ಕೆ ಅಮ್ಮ ಎಂದೂ ಬೈದವಳಲ್ಲ. ಏನು ಓದಿದೆ ಎಂದು ಕೇಳಿದವಳೂ ಅಲ್ಲ. ಮೈಸೂರಿನಿಂದ ಮೊದಲ ಸಲ ಬಂದಿದ್ದಳು. ಮ್ಯೂಸಿಯಮ್ಮಿಗೆ ಕರೆದೊಯ್ದ ಆ ಒಂದು ಮಧ್ಯಾಹ್ನವಾದರೂ ನನ್ನ ಕೆಲಸ ಅವಳಿಗೆ ಕಾಣಬೇಕೆಂದು ನನಗೆ ಆಸೆಯಿತ್ತು. ಐದು ಗಂಟೆ ದೂರದ ಆಬರ್ನ್ ಹಿಲ್ಸ್‌ನಲ್ಲಿ ಕಾರಿನ ಬ್ರೇಕು ವಿನ್ಯಾಸ ಮಾಡುವ ಅಕ್ಕನೂ ಡ್ರೈವ್ ಮಾಡಿಕೊಂಡು ಬಂದಿದ್ದಳು.

ನೆಲದ ಮೇಲೆ ಬಿದ್ದಿರುವ ಕೆಂಪು ಟೋಪಿ ಸಂತ ತೊರೆದ ಚರ್ಚಿನ ದೊಡ್ಡ ಪದವಿಯೆಂದೂ, ಅಲ್ಲಿಂದ ನಮ್ಮ ಕಣ್ಣು ತೋಳಿನ ಗುಂಟ ಓರೆಯಾಗಿ ಅವನೆದುರಿನ ಶಿಲುಬೆಗೆ ಏರುತ್ತದೆಂದೂ ವಿವರಿಸಿದೆ. ಅಮ್ಮ ಕೂರಲು ಬೆಂಚು ಹುಡುಕುತ್ತಿದ್ದಳು.

"ಅಮ್ಮ, ಸಿಂಹ ಇವರ ವಾಹನ ಅಂದ್ಕೋ," ಅಂದಳು ಅಕ್ಕ. "ಪಕ್ಕದಲ್ಲಿ ಏನಿದೆ ನೋಡಿದ್ರೆ ಯಾರು ಅಂತ ಗೊತ್ತಾಗತ್ತೆ. ನಮ್ಮ ದೇವರ ಪಟ ಇದ್ದ ಹಾಗೆ."

"ಹಾಗೆ ಹೇಳಬೇಕು." ಅಮ್ಮ ಬೆಂಚು ಮರೆತು ಪಕ್ಕದಲ್ಲಿದ್ದ ಸಂತ ಮಹಿಳೆಯೊಬ್ಬಳ ಚಿತ್ರಕ್ಕೆ ನಡೆದಳು. "ಇವಳ ಹತ್ತಿರ ಚಕ್ರ ಇದೆಯಲ್ಲ, ವಿಷ್ಣು ಕಡೆಯೋಳಾ?"

"ಅದು ಅವಳನ್ನ ಕೊಲ್ಲೋಕೆ ತಂದಿದ್ದ ಚಕ್ರ," ಅಂದೆ.

"ಅಯ್ಯೋ, ಕೊಲ್ಲೋಕೆ ತಂದಿದ್ದನ್ನೇ ಪಕ್ಕದಲ್ಲಿ ಇಟ್ಕೊಂಡಿದಾಳಾ?" ಅಮ್ಮ ಕೇಳಿದ್ದು ಅಕ್ಕನನ್ನು.

ಉತ್ತರ ಅಕ್ಕನಿಗೆ ಗೊತ್ತಿರಲಿಲ್ಲ. ಆದರೂ ಇಬ್ಬರೂ ತೋಳಿಗೆ ತೋಳು ಸೇರಿಸಿಕೊಂಡು ಮುಂದಿನ ಕೋಣೆಗೆ ಹೋದರು. ಹಿಂದೆ ಅವರ ಕೋಟುಗಳನ್ನು ಹೊತ್ತುಕೊಂಡು ನಾನು.

"ಸಿಂಹ ವಾಹನ ಅಲ್ಲ," ಎಂದೆ ಕಾರಿನಲ್ಲಿ. "ಅದರ ಕಾಲಿನ ಮುಳ್ಳು ತೆಗೆದಿದ್ದಕ್ಕೆ ಜೊತೆಗೆ ಉಳೀತು."

"ಇರಲಿ ಬಿಡೇ, ಮೇಡಮ್ಮು. ಮಾರ್ಕ್ಸ್ ಕಟ್ ಮಾಡ್ಬೇಡ," ಅಂದಳು ಅಕ್ಕ. ಅಮ್ಮ ನಕ್ಕಳು. ಆಮೇಲೆ, ಅದೂ ಪ್ರೀತಿಯಿಂದಲೇ, "ಇವಳು ಟೀಚರ್ ಆಗಬೇಕಿತ್ತು ನೋಡು," ಎಂದು ನನಗೆ ಹೇಳಿ ಅಕ್ಕನ ತಲೆ ಸವರಿದಳು.

ನನಗೆ ಅಕ್ಕನ ಸಂಬಳದ ಮೇಲಾಗಲಿ ಮನೆಯ ಮೇಲಾಗಲಿ ಎಂದೂ ಹೊಟ್ಟೆಕಿಚ್ಚು ಇರಲಿಲ್ಲ. ಇದೊಂದನ್ನು ಅವಳು ಮುಟ್ಟಬಾರದಿತ್ತು.

ಮರುದಿನ ಮಧ್ಯಾಹ್ನ ಅಕ್ಕ ಹೊರಡುವವಳಿದ್ದಳು. ಬೆಳಿಗ್ಗೆ ಅವಳು ಇನ್ನೂ ಮಲಗಿದ್ದಾಗ ಅಮ್ಮನಿಗೆ ಕಾಫಿ ಕೊಟ್ಟು, ಶೂ ಹಾಕಿಕೊಳ್ಳಲು ಹೇಳಿದೆ.

"ಅವಳನ್ನ ಎಬ್ಬಿಸಲ್ವಾ?"

"ಮಲಗಲಿ, ಪಾಪ, ದೂರ ಡ್ರೈವ್ ಮಾಡ್ಬೇಕು," ಎಂದು ಸದ್ದಾಗದಂತೆ ಬಾಗಿಲು ಎಳೆದುಕೊಂಡೆ. ಮ್ಯೂಸಿಯಮ್ಮಿನಲ್ಲಿ ಎರಡೇ ಟಿಕೆಟ್ ತೆಗೆದುಕೊಂಡೆ.