ಅತ್ತೆಯ ಎದೆ ಫೋಟೋ

ಬನಹಟ್ಟಿಯ ನಮ್ಮ ಡಾಕ್ಟರು ಅತ್ತೆಯ ಕೆಮ್ಮು ಕೇಳಿ, ಬೆನ್ನಿಗೆ ನಳಿಗೆ ಹಚ್ಚಿ ನೋಡಿ, "ಜಮಖಂಡಿಗೆ ಹೋಗಿ ಎದೀದೊಂದು ಫೋಟೋ ತಗಸ್ಕೊಂಡು ಬರ್ರಿ" ಅಂದರು. ಅತ್ತೆಗೆ ಅದುವರೆಗೆ ಫೋಟೋ ಅಂದರೆ ನಮ್ಮ ಮದುವೆಯಲ್ಲಿ ತೆಗೆದದ್ದೊಂದೇ ಗೊತ್ತು. ಮರುದಿನ ಬೆಳಗ್ಗೆ ನೋಡಿದರೆ ಇಳಕಲ್ ಸೀರೆ ಉಟ್ಟು, ಬೋರಮಾಳ ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿ ಬಾಚಿ ಕಟ್ಟೆಯ ಮೇಲೆ ಕೂತಿದ್ದಾರೆ.

"ಅತ್ತಿ, ಈ ಫೋಟೋದಾಗ ಎದಿ ಒಳಗಿಂದು ಅಷ್ಟ ಬರ್ತೈತ್ರಿ. ಸೀರಿ ಕಾಣಂಗಿಲ್ಲ" ಅಂದೆ.

"ಕಾಣಲಿಲ್ಲಂದ್ರ ಏನಾತು? ತಗಿಯಾಂವಗ ಕಾಣ್ತೈತಿಲ್ಲೋ?"

ಅವರ ಸೊಸೆಯಾದ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಆ ದಿನಗಳಲ್ಲಿ ಒಂಬತ್ತನೆಯ ಇಯತ್ತೆಗೆ ಉಸಿರಾಟದ ಪಾಠವೇ ನಡೆದಿತ್ತು. ಬಸ್ಸಿನಲ್ಲಿ ಜಾಗ ಸಿಕ್ಕಿದ್ದೇ ತಡ, ಅತ್ತೆಗೂ ಪಾಠ ಶುರು ಮಾಡಿದೆ. ಪುಪ್ಪುಸ ಅಂದರೆ ಶ್ವಾಸಕೋಶ. ಬಲಗಡೆಯದು ಮೂರು ಹಾಲೆಗಳಾಗಿ ಭಾಗವಾಗಿದೆ, ಎಡಗಡೆಯದಕ್ಕೆ ಎರಡೇ. ಹೃದಯಕ್ಕೂ ಅಲ್ಲೇ ಜಾಗ ಬೇಕಲ್ಲ, ಅದಕ್ಕೆ ಎಡಗಡೆಯದು ಸಣ್ಣದು. ಪುಪ್ಪುಸ ತಾನಾಗಿ ಹಿಗ್ಗುವುದಿಲ್ಲ. ಪಕ್ಕೆಲುಬು ಮೇಲೇಳುತ್ತವೆ, ಕೆಳಗೆ ಕೊಡೆಯ ಹಾಗೆ ಡೊಗ್ಗಿದ ವಪೆ ಎಂಬ ಸ್ನಾಯು ತಗ್ಗುತ್ತದೆ, ಎದೆಯಲ್ಲಿ ಜಾಗವಾಗುತ್ತದೆ, ಆಗ ಗಾಳಿ ತಾನೇ ಒಳಗೆ ನುಗ್ಗುತ್ತದೆ.

ಅತ್ತೆ ಗಮನವಿಟ್ಟು ಕೇಳಿದರು. "ಅಂದ್ರ ಪುಪ್ಪುಸ ತಾನಽ ಏನೂ ಮಾಡಂಗಿಲ್ಲ?"

"ಇಲ್ರಿ. ಸುತ್ತಲಿದ್ದವರು ದುಡೀತಾರ, ಇದು ಕುಂತಲ್ಲೇ ಉಬ್ಬತೈತಿ."

"ನಿಮ್ಮ ಮಾವನಂಗ" ಅಂದರು ಅತ್ತೆ. ಮುಂದಿನ ಸೀಟಿನ ಹೆಣ್ಣುಮಕ್ಕಳು ಜಮಖಂಡಿ ಬರುವ ತನಕ ತಿರುತಿರುಗಿ ನೋಡಿ ನಕ್ಕರು.

ಎಕ್ಸರೇ ಕೋಣೆಯಲ್ಲಿ ಮೊದಲ ಜಗಳ ಕೊರಳಿನದು. ಅಲ್ಲಿದ್ದ ಹುಡುಗ, "ಕೊಳ್ಳಾಗಿಂದು ಎಲ್ಲಾ ತಗೀರಿ ಅಮ್ಮಾರ" ಅಂದ. ಬೋರಮಾಳ ಬಿಚ್ಚಿ ನನ್ನ ಕೈಗೆ ಕೊಟ್ಟರು. ತಾಳಿಗೆ ಮಾತ್ರ ಕೈ ಹಚ್ಚಗೊಡಲಿಲ್ಲ.

"ಗಂಡ ಗಟ್ಟಿಮುಟ್ಟ್ಯಾಗಿ ಮನ್ಯಾಗ ಕುಂತಾನ. ನಾ ಇಲ್ಲಿ ತಾಳಿ ತಗೀಲಿ?"

"ಫೋಟೋದಾಗ ಅಡ್ಡ ಬರ್ತೈತ್ರಿ" ಅಂದ ಹುಡುಗ.

ಕೊನೆಗೆ ಒಂದು ಒಪ್ಪಂದವಾಯಿತು. ತಾಳಿಯ ಸರ ಕೊರಳಲ್ಲೇ ಇರುವುದು, ಆದರೆ ಅದನ್ನು ಮೇಲಕ್ಕೆಳೆದು ಹಲ್ಲಿನಲ್ಲಿ ಕಚ್ಚಿಕೊಳ್ಳುವುದು. ಹಾಗೇ ಕಚ್ಚಿಕೊಂಡು ಅತ್ತೆ ಹಲಗೆಗೆ ಎದೆ ಒತ್ತಿ ನಿಂತರು. ನಾನು ಬಾಗಿಲ ಹೊರಗೆ ಬಂದೆ.

"ಜೋರಾಗಿ ಉಸರ ತಗೋರಿ" ಅಂದ ಹುಡುಗ. "ಹಾಂ, ಹಿಡೀರಿ. ಅಳಗ್ಯಾಡಬ್ಯಾಡ್ರಿ."

ಯಂತ್ರ ಗುಂಯ್ ಅಂದು ಟಕ್ ಅಂತು. ಹುಡುಗ ಫಿಲ್ಮ್ ಇದ್ದ ತಗಡಿನ ಪೆಟ್ಟಿಗೆ ಎತ್ತಿಕೊಂಡು ಫೋಟೋ ತೊಳೆಯುವ ಕತ್ತಲೆ ಕೋಣೆಗೆ ಹೋಗಿಬಿಟ್ಟ. ಉಸಿರು ಬಿಡಿ ಎಂದು ಹೇಳುವುದನ್ನೇ ಮರೆತಿದ್ದ. ನಾನು ಒಳಗೆ ಬಂದು ನೋಡುತ್ತೇನೆ, ಅತ್ತೆ ಹಲಗೆ ಅಪ್ಪಿಕೊಂಡೇ ನಿಂತಿದ್ದಾರೆ. ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿದೆ.

"ಅತ್ತಿ, ಆತ್ರಿ, ಬಿಡ್ರಿ!"

ಅತ್ತೆ ಕಣ್ಣಿನಲ್ಲೇ ಆ ಕತ್ತಲೆ ಕೋಣೆ ತೋರಿಸಿ ತಲೆಯಾಡಿಸಿದರು. ಹಿಡಿ ಅಂದವನೇ ಬಿಡು ಅನ್ನಬೇಕು ಎಂದು ಅರ್ಥ. ನಾನು ಬಾಗಿಲು ಬಡಿದು ಕೂಗಿದೆ. ಹುಡುಗ ಒಳಗಿನಿಂದಲೇ, "ಬಾಗಲಾ ತಗೀಬ್ಯಾಡ್ರಿ, ಫಿಲ್ಮ್ ಕೆಡತೈತಿ! ಏನಾತ್ರಿ?" ಅಂದ. "ಬಿಡ್ರಿ ಅನ್ನಪಾ, ನಮ್ಮತ್ತಿಗೆ ಬಿಡ್ರಿ ಅನ್ನು!" ಅಂದೆ. "ಬಿಡ್ರಿ ಅಮ್ಮಾರ!" ಎಂದು ಕತ್ತಲೆಯೊಳಗಿಂದ ಅಪ್ಪಣೆ ಬಂತು. ಅತ್ತೆ ಬಿಟ್ಟ ಉಸಿರಿಗೆ ತಾಳಿ ಬಾಯಿಂದ ಹಾರಿ ಎದೆಗೆ ಬಿತ್ತು. ಅದರ ಹಿಂದೆಯೇ ಬಂದ ಕೆಮ್ಮಿಗೆ ಹೊರಗೆ ಕಾಯುತ್ತಿದ್ದ ಮಂದಿಯೆಲ್ಲ ಎದ್ದು ನಿಂತರು.

ಬನಹಟ್ಟಿಯ ಡಾಕ್ಟರು ಫಿಲ್ಮನ್ನು ದೀಪಕ್ಕೆ ಹಿಡಿದು, "ಪುಪ್ಪುಸ ಸ್ವಚ್ಛ ಅದಾವ್ರಿ. ಇದು ಒಲಿ ಹೊಗಿ ಕೆಮ್ಮು" ಎಂದು ಔಷಧ ಬರೆದುಕೊಟ್ಟರು. ಅಲ್ಲಿಗೆ ಮುಗಿಯಬೇಕಿತ್ತು. ಮನೆಗೆ ಬಂದ ಅತ್ತೆ ಫಿಲ್ಮನ್ನು ಕಿಟಕಿಗೆ ಹಿಡಿದು ನೋಡಿ ಕುಸಿದು ಕೂತರು.

"ಇದನ್ನ ಸ್ವಚ್ಛ ಅಂತಾನ ಆ ಡಾಕ್ಟರ? ಹಂಚಿನಂಗ ಕರ್ರಗಾಗ್ಯಾವ ಎರಡೂ!"

ಕಿರಣ ಎಲುಬಿನಲ್ಲಿ ಅಷ್ಟಾಗಿ ಹಾಯುವುದಿಲ್ಲ, ಗಾಳಿಯಲ್ಲಿ ಸಲೀಸಾಗಿ ಹಾಯುತ್ತದೆ, ಹಾಗಾಗಿ ಎಲುಬು ಬೆಳ್ಳಗೆ, ಗಾಳಿ ತುಂಬಿದ ಪುಪ್ಪುಸ ಕರ್ರಗೆ ಕಾಣುತ್ತದೆ ಎಂದು ಹೇಳಿದೆ. ಕರ್ರಗಿದ್ದರೆ ಒಳ್ಳೆಯದೇ ಅಂದೆ. ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂದುಕೊಂಡು ಅತ್ತೆ ನನ್ನ ಕೆನ್ನೆ ಸವರಿ ಹಾಸಿಗೆ ಹಾಸಿಕೊಂಡು ಮಲಗಿಬಿಟ್ಟರು. ಓಣಿಯ ಹೆಣ್ಣುಮಕ್ಕಳು ಮಗ್ಗದ ಕೆಲಸ ಬಿಟ್ಟು ಬಂದು ಫಿಲ್ಮ್ ನೋಡಿ, ಲೊಚಗುಟ್ಟಿ, ಚಹಾ ಕುಡಿದು ಹೋದರು. ಮಾವ ಮಾತ್ರ, "ಅಕಿ ದನಿ ಏನೂ ಸಣ್ಣ ಆಗಿಲ್ಲ ಬಿಡು" ಎನ್ನುತ್ತಿದ್ದರು.

ನಾನೂ ಹಟ ಬಿಡಲಿಲ್ಲ. ಶಾಲೆಯಿಂದ ಉಸಿರಾಟ ತೋರಿಸುವ ಗಾಜಿನ ಗಂಟೆಯ ಮಾದರಿ ತಂದೆ. ಅದರೊಳಗೆ ಪುಪ್ಪುಸದ ಬದಲು ಎರಡು ಬಲೂನಿನ ಪುಗ್ಗೆ, ತಳಕ್ಕೆ ವಪೆಯ ಬದಲು ರಬ್ಬರಿನ ಹಾಳೆ. ಹಾಳೆಯನ್ನು ಕೆಳಗೆ ಜಗ್ಗಿದರೆ ಪುಗ್ಗೆ ಉಬ್ಬಬೇಕು. ಅತ್ತೆಯ ಹಾಸಿಗೆಯ ಮುಂದೆ ಇಟ್ಟು ಜಗ್ಗಿದೆ. ಬಲಗಡೆಯದು ಉಬ್ಬಿತು. ಎಡಗಡೆಯದರ ಕೊಳವೆ ಎಲ್ಲೋ ಕಟ್ಟಿಕೊಂಡಿರಬೇಕು, ಜೋತು ಬಿದ್ದದ್ದು ಹಾಗೇ ಇತ್ತು.

"ನೋಡ್ರಿ, ಎಡಗಡಿದು ಸಣ್ಣದು ಅಂತ ಬಸ್ಸಿನ್ಯಾಗ ಮೊದಲಽ ಹೇಳಿದ್ದಳು" ಅಂದರು ಅತ್ತೆ ಮಾವನಿಗೆ. "ಈಗ ಹೋಗೇಬಿಟ್ಟೈತಿ."

ಅಷ್ಟರಲ್ಲಿ ನನ್ನ ನೌಕರಿ ಕಾಯಂ ಆಗುವ ಕಾಲ ಬಂತು. ಆರೋಗ್ಯ ತಪಾಸಣೆಗೆ ನನ್ನದೂ ಎದೆ ಫೋಟೋ ಬೇಕಾಯಿತು. ತೆಗೆಸಿಕೊಂಡು ಬಂದು, ಎಲ್ಲರದೂ ಹೀಗೇ ಇರುತ್ತದೆ ಎಂದು ಸಾಧಿಸುವುದಕ್ಕೆ ಒಳ್ಳೆಯ ಪುರಾವೆ ಸಿಕ್ಕಿತೆಂದು ಅತ್ತೆಯ ಕೈಗೇ ಕೊಟ್ಟೆ. ಅತ್ತೆ ಎರಡೂ ಫಿಲ್ಮನ್ನು ಕಿಟಕಿಗೆ ಜೋಡಿಸಿ ಹಿಡಿದರು. ಒಮ್ಮೆ ಅದನ್ನು, ಒಮ್ಮೆ ಇದನ್ನು ನೋಡಿದರು.

"ನಂದು ಇರಲಿ. ಮುದುಕಿ ನಾ" ಅಂದರು. "ಈ ಕೂಸು ನಮ್ಮನಿಗೆ ಬಂದು ಎಷ್ಟು ದಿನಾ ಆತು? ಇಷ್ಟರಾಗಽ ನನ್ನಂಗ ಕರ್ರಗಾಗೈತಿ!"

ಹಾಸಿಗೆಯಿಂದ ಎದ್ದವರೇ ಒಂದೊಂದು ಕೈಯಲ್ಲಿ ಒಂದೊಂದು ಫಿಲ್ಮ್ ಹಿಡಿದು ಪಡಸಾಲೆಗೆ ನಡೆದರು. ನಮ್ಮ ಮನೆಯ ಚಾವಣಿ ಮಣ್ಣಿನ ಮಾಳಿಗೆ. ಅಡುಗೆಮನೆಗೆ ಕಿಟಕಿ ಇರಲಿಲ್ಲ. ಹೊಗೆ ಹೋಗಲು ಮೇಲೊಂದು ಬೆಳಕಿಂಡಿ ತೆಗೆಸಿರೆಂದು ಹೇಳಿದಾಗಲೆಲ್ಲ ಮಾವ ಮಾಳಿಗೆ ಸೋರುತ್ತದೆ ಎನ್ನುತ್ತಿದ್ದರು.

"ಏನ್ರೀ, ನಾಳೆ ಗೌಂಡಿನ್ನ ಕರಸ್ರಿ" ಅಂದರು ಅತ್ತೆ. "ಮಾಳಿಗಿ ಸೋರಿದ್ರ ಬುಟ್ಟಿ ಇಡ್ತೀನಿ. ಮಂದಿ ಮಗಳ ಎದಿ ಸುಟ್ಟರ ಏನ ಇಡ್ಲಿ?"

"ಅತ್ತಿ, ಕರಿ ಅಂದ್ರ ಗಾಳಿರಿ..." ಎಂದು ನಾನು ಮತ್ತೆ ಶುರು ಮಾಡಿದೆ.

"ನೀ ಸುಮ್ಕಿರವಾ. ಅದನ್ನ ಸಾಲ್ಯಾಗ ಹೇಳು."

ಮಾವ ಆ ಸಂಜೆಯೇ ಗೌಂಡಿಗೆ ಹೇಳಿ ಕಳಿಸಿದರು.

ಗೌಂಡಿ ಬಂದು ಮಾಳಿಗೆ ಒಡೆದು ಕಿಂಡಿ ಕೂಡಿಸಿ, ಮಳೆ ಬಂದಾಗ ಮುಚ್ಚಲು ತಗಡಿನ ಮುಚ್ಚಳ ಮಾಡಿಕೊಟ್ಟ. ಮರುದಿನ ಬೆಳಗ್ಗೆ ಅತ್ತೆ ತಾವೇ ಒಲೆ ಹಚ್ಚಿದರು. ಹೊಗೆ ಸ್ವಲ್ಪ ಹೊತ್ತು ಕೋಣೆಯಲ್ಲೇ ಸುತ್ತಾಡಿ, ದಾರಿ ಗೊತ್ತಾದೊಡನೆ ನೆಟ್ಟಗೆ ಮೇಲಕ್ಕೆ ಹೋಯಿತು. ನಾವಿಬ್ಬರೂ ಕತ್ತೆತ್ತಿ ನೋಡುತ್ತ ನಿಂತಿದ್ದೆವು. ಆಗ ಹೊರಗೆ ಗದ್ದಲ ಕೇಳಿತು. ನಮ್ಮ ಮಾಳಿಗೆಯ ಮೇಲೆ ಎಂದೂ ಹೊಗೆ ಕಾಣದಿದ್ದ ಎದುರು ಮನೆಯವರು, ಮನೆಗೆ ಬೆಂಕಿ ಬಿತ್ತೆಂದು ಕೊಡ ತುಂಬಿಕೊಂಡು ಓಡಿ ಬಂದಿದ್ದರು. ಏನು ನಡೆದಿದೆ ಎಂದು ತಿಳಿಯುವ ಮೊದಲೇ ಒಬ್ಬ ಮಾಳಿಗೆ ಹತ್ತಿ ಕಿಂಡಿಯೊಳಗೆ ಒಂದು ಕೊಡ ನೀರು ಸುರಿದ. ಒಲೆ ಚುಂಯ್ ಅಂತು. ಅತ್ತೆ ತೊಯ್ದು ತೊಪ್ಪೆಯಾದರು.

ಅತ್ತೆಯ ಬೈಗುಳ ಈಗ ಬಂತೆಂದು ನಾನು ಕಿವಿ ಮುಚ್ಚಿಕೊಂಡೆ. ಅತ್ತೆ ಮುಖ ಒರೆಸಿಕೊಂಡು, ಮೇಲೆ ನೋಡಿ, "ಇಳಿದು ಬಾರೋ ತಮ್ಮಾ" ಅಂದರು. "ಒಲಿ ಮತ್ತ ಹಚ್ಚತೇನಿ, ಚಹಾ ಕುಡಿದು ಹೋಗಂತಿ."